ಒಂದಿನ ಉಳ್ಕೊಳ್ಳೋಕೂ ಆಗಲ್ವಾ?

ಆಗಲ್ಲ.

ಉತ್ತರ ಇಷ್ಟೇ. ಆದರೆ ಇಷ್ಟೇ ಹೇಳಿ ಎದ್ದುಬಂದರೆ ಕೊಬ್ಬು ಅನ್ನುತ್ತಾರೆ, ಬಿಡಿಸಿ ಹೇಳೋಕೆ ಕೂತರೆ ಬಸ್ಸು ತಪ್ಪುತ್ತೆ. ಅದಕ್ಕೇ ಒಂದು ಸಲ ಬರೆದಿಟ್ಟುಬಿಡುತ್ತಿದ್ದೇನೆ. ಮುಂದಿನ ಮದುವೆಯಲ್ಲಿ ಯಾರಾದರೂ ಕೇಳಿದರೆ ಇದನ್ನೇ ಅವರ ಮೊಬೈಲಿಗೆ ಕಳಿಸಿ, ಮೊದಲ ಪಂಕ್ತಿಯಲ್ಲಿ ಉಂಡು ಹೊರಟುಬಿಡುತ್ತೇನೆ.

ನಮ್ಮದು ಹಾಸನದಿಂದ ಗೊರೂರಿಗೆ ಹೋಗುವ ರಸ್ತೆಯಿಂದ ಒಳಗಿರುವ ಹಳ್ಳಿ. ಹಾಲು ಕರೆಯುವ ಹಸು ನಾಲ್ಕು, ನಾಲ್ಕೂ ಎಚ್‌ಎಫ್, ಅಂದರೆ ಜಾಸ್ತಿ ಹಾಲು ಕೊಡುವ ಸೀಮೆ ತಳಿ. ಎರಡು ಕಡಸು, ಒಂದು ಕರು, ಎಣಿಸಿದಾಗಲೆಲ್ಲ ಬೇರೆ ಬೇರೆ ಲೆಕ್ಕ ಸಿಗುವ ನಾಟಿ ಕೋಳಿಗಳು. ಮಳೆಗಾಲಕ್ಕೆ ಒಂದೆಕರೆ ಆಲೂಗಡ್ಡೆ, ಬೋರ್‌ವೆಲ್ ನೀರು ಬೀಳುವ ಅರ್ಧ ಎಕರೆಯಲ್ಲಿ ಬೀನ್ಸು, ಬೆಂಡೆ, ಮೆಣಸಿನಕಾಯಿ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಮಂಡಿನೋವಿನ ಅತ್ತೆ, ಸ್ಕೂಲಿಗೆ ಹೋಗುವ ಮಗ. ಬೆಳಿಗ್ಗೆ ಡೈರಿ ಬಾಗಿಲು ಹಾಕುವುದರೊಳಗೆ ಕ್ಯಾನು ಅಲ್ಲಿರಬೇಕು, ಸಂಜೆ ಇನ್ನೊಂದು ಸಲ. ಭಾನುವಾರ, ಯುಗಾದಿ, ಅಮಾವಾಸ್ಯೆ ಯಾವುದೂ ಹಸುವಿಗೆ ಗೊತ್ತಿಲ್ಲ.

ಪ್ರಶ್ನೆಗಿಂತ ಅದರ ಹಿಂದೆಯೇ ಬರುವ ಮಾತು ನನಗೆ ಜಾಸ್ತಿ ಉರಿಯುತ್ತೆ. "ನಿಂಗೇನಮ್ಮಾ, ಸ್ವಂತ ಕೆಲಸ, ರಜಾ ಕೇಳೋಕೆ ಯಾರಿದ್ದಾರೆ?" ನಿಜ ತಾಯಿ, ಯಾರೂ ಇಲ್ಲ. ಇದ್ದಿದ್ದರೆ ಕೇಳುತ್ತಿದ್ದೆನಲ್ಲ! ನನ್ನ ಓರಗಿತ್ತಿ ಬ್ಯಾಂಕಿನಲ್ಲಿದ್ದಾಳೆ. ಅವಳು ರಜಾ ಹಾಕಿದರೆ ಅವಳ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ, ಕೌಂಟರ್ ಏನೂ ಅನ್ನುವುದಿಲ್ಲ. ನನ್ನ ಹಸುವಿನ ಪಕ್ಕ ಇನ್ನೊಬ್ಬರು ಕೂತರೆ ಅದು ಒದೆಯುತ್ತೆ.

ಆಮೇಲೆ ಸಲಹೆಗಳು. ಈ ಸಲಹೆ ಕೊಡುವವರೆಲ್ಲ ಪ್ಯಾಕೆಟ್ ಹಾಲಿನವರೇ ಅನ್ನುವುದು ಬೇರೆ ಮಾತು.

ಒಂದನೇ ಸಲಹೆ, "ಕರು ಬಿಟ್ಟುಬಿಡು, ಅದೇ ಕುಡ್ಕೊಳ್ಳುತ್ತೆ." ಹಸು ಒಂದು ಹೊತ್ತಿಗೆ ಎಂಟು ಲೀಟರ್ ಕೊಡುತ್ತೆ. ಎಳೆ ಕರುವಿಗೆ ದಿನವಿಡೀ ಸೇರಿ ಅದರ ತೂಕದ ಹತ್ತರಲ್ಲಿ ಒಂದು ಭಾಗ ಹಾಲು, ಅಂದರೆ ಮೂರ್ನಾಲ್ಕು ಲೀಟರ್ ಆದರೆ ಸಾಕು. ಸುಮ್ನೆ ಬಿಟ್ಟರೆ ಹೊಟ್ಟೆ ಬಿರಿಯ ಕುಡಿದು ಭೇದಿ ಹಿಡಿದು ಮಲಗುತ್ತೆ, ಬೆಳಿಗ್ಗೆ ಎರಡು ಜೀವಕ್ಕೆ ಔಷಧಿ. ಎರಡನೇ ಸಲಹೆ, ಮೆಷಿನ್. ಮೆಷಿನ್ನು ತಾನಾಗೇ ಎದ್ದು ಹೋಗಿ ಹಸುವಿನ ಕೆಚ್ಚಲಿಗೆ ಹತ್ತಿಕೊಳ್ಳುತ್ತೆ ಅಂತ ತಿಳಿದಿದ್ದಾರೋ ಏನೋ. ಕರೆಂಟಿನ ಮಾತು ಆಡುವುದೇ ಬೇಡ. ಮೂರನೆಯದು, "ಒಂದು ಹೊತ್ತು ಕರೀದಿದ್ರೆ ಏನಾಗುತ್ತೆ?"

ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ನನ್ನ ತಮ್ಮನ ಮದುವೆ ವಿಷಯ ಹೇಳಬೇಕು.

ನನ್ನ ತವರು ಬೀರೂರು ಕಡೆ. ಅರಸೀಕೆರೆಯಲ್ಲಿ ಬಸ್ಸು ಬದಲಿಸಿದರೆ ಆಯಿತು, ದೂರ ಅಂತೇನೂ ಅಲ್ಲ. ಒಬ್ಬನೇ ತಮ್ಮ. ಧಾರೆ ಮುಗಿಸಿ ಹೊರಡುತ್ತೇನೆ ಅಂದಾಗ ಚಿಕ್ಕಮ್ಮ ಛತ್ರದ ನಡುವೆ, ನೂರು ಜನರ ಎದುರು, "ಏನೇ, ನಿಂಗೆ ಹಸು ಹೆಚ್ಚಾ ತಮ್ಮ ಹೆಚ್ಚಾ?" ಅಂದರು. ಈ ಪ್ರಶ್ನೆಗೆ ಯಾರು ತಾನೇ ಏನು ಉತ್ತರ ಕೊಡೋಕಾಗುತ್ತೆ? ಅಮ್ಮ ಏನೂ ಅನ್ನಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. ಉಳಿದೆ. ಯಜಮಾನರೂ ಉಳಿದರು. ಚಪ್ಪರದ ರಾತ್ರಿ ಆಗಲೇ ಒಂದು ಕಳೆದಿತ್ತು, ಧಾರೆಯ ರಾತ್ರಿ ಇನ್ನೊಂದು, ಮಾರನೇ ದಿನ ಬೀಗರೂಟ. ಮಟನ್ ಸಾರು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಹಾಲು ಕರೆಯೋಕೆ ಪಕ್ಕದೂರಿನ ಒಬ್ಬ ಹುಡುಗನನ್ನು ಗೊತ್ತು ಮಾಡಿದ್ದೆವು. ಮೂರು ಹಸು ಹೇಗೋ ಬಗ್ಗಿದವು. ನಮ್ಮ ಗೌರಿ ಹಾಲು ಇಳಿಸಲೇ ಇಲ್ಲ. ಹಾಲು ಇಳಿಯುವುದು ಕೈಬಲದಿಂದ ಅಲ್ಲ. ಕೆಚ್ಚಲು ತೊಳೆದು, ಮೊಲೆ ನೇವರಿಸಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಅನ್ನೋ ರಸ ಹುಟ್ಟಿ ಹಾಲು ಕೆಳಗೆ ಬಿಡುತ್ತೆ. ಅದರ ಕೆಲಸ ಐದಾರು ನಿಮಿಷ ಮಾತ್ರ, ಅಷ್ಟರಲ್ಲಿ ಕರೆದು ಮುಗಿಸಬೇಕು. ಹೆದರಿದರೆ ಅದೂ ಆಗುವುದಿಲ್ಲ, ಹಸು ಹಾಲು ತಡೆದುಕೊಳ್ಳುತ್ತೆ. ಗೌರಿ ಒಂದು ಸಲ ಬಕೆಟ್ ಒದ್ದಳಂತೆ, ಅವನು ಅರ್ಧಂಬರ್ಧ ಕರೆದು ಎದ್ದನಂತೆ. ಕರೆದ ಮೇಲೆ ಮುಂದೆ ಹುಲ್ಲನ್ನೂ ಹಾಕಲಿಲ್ಲ. ಕರೆದಾದ ಮೇಲೆ ಅರ್ಧ ಗಂಟೆಯಾದರೂ ಮೊಲೆಯ ತೂತು ಪೂರ್ತಿ ಮುಚ್ಚಿರುವುದಿಲ್ಲ, ಮಲಗಿದರೆ ಕೊಳೆ ಒಳಗೆ ಹೋಗುತ್ತೆ. ಅದಕ್ಕೇ ಹುಲ್ಲು ಹಾಕಿ ನಿಲ್ಲಿಸುವುದು, ತಿನ್ನುತ್ತಾ ನಿಂತಿರಲಿ ಅಂತ. ಅವಳು ಸಗಣಿಯಲ್ಲೇ ಮಲಗಿದಳು.

ನಾವು ಬಂದು ನೋಡುವಾಗ ಹಿಂದಿನ ಎಡಮೊಲೆ ಕಲ್ಲಾಗಿತ್ತು, ಕೈ ಇಟ್ಟರೆ ಸುಡುತ್ತಿತ್ತು, ಹಿಂಡಿದರೆ ಒಡೆದ ಹಾಲಿನ ಚೂರು. ಕೆಚ್ಚಲು ಬಾವು. ಡಾಕ್ಟರು ದಿನಾ ಬಂದು ಇಂಜೆಕ್ಷನ್ ಕೊಟ್ಟರು. ಔಷಧಿ ಕೊಟ್ಟಷ್ಟು ದಿನ, ಆಮೇಲೂ ಕೆಲವು ದಿನ, ಹಾಲು ಡೈರಿಗೆ ಹಾಕುವ ಹಾಗಿಲ್ಲ, ತೆಂಗಿನ ಬುಡಕ್ಕೆ ಚೆಲ್ಲಿದೆವು. ಕೊನೆಗೂ ಆ ಮೊಲೆ ಉಳಿಯಲಿಲ್ಲ. ಗೌರಿ ಈಗಲೂ ಇದ್ದಾಳೆ, ಮೂರು ಮೊಲೆಯ ಹಸು. ಅದೇ ಮೂರು ದಿನದಲ್ಲಿ ಒಂದು ಕಡಸು ಬೆದೆಗೆ ಬಂದು ಹೋಗಿತ್ತು. ಹಗಲೂ ರಾತ್ರಿ ಕೂಗುತ್ತಿತ್ತು ಅಂತ ಅತ್ತೆ ಹೇಳಿದರು. ಬೆಳಿಗ್ಗೆ ಕಂಡರೆ ಸಂಜೆಯೊಳಗೆ ಡಾಕ್ಟರನ್ನು ಕರೆಸಿ ಗರ್ಭ ಕಟ್ಟಿಸಬೇಕು, ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಅತ್ತೆಗೆ ಫೋನ್ ಎತ್ತೋಕೆ ಬರುತ್ತೆ, ಮಾಡೋಕೆ ಬರಲ್ಲ.

ಚಿಕ್ಕಮ್ಮನಿಗೆ ಇದನ್ನು ಹೇಳಿದಾಗ, "ಅಯ್ಯೋ, ದೃಷ್ಟಿಯಾಗಿರಬೇಕು ಕಣೇ," ಅಂದರು.

ಹಸು ಬಿಡು, ತರಕಾರಿಯಾದರೂ ಎರಡು ದಿನ ಕಾಯಲ್ವಾ ಅಂತ ಇನ್ನೊಂದು ಕೇಳುತ್ತಾರೆ. ಬೆಂಡೆಕಾಯಿ ದಿನ ಬಿಟ್ಟು ದಿನ ಕೀಳಬೇಕು. ಒಂದು ಕೀಳುವುದು ತಪ್ಪಿದರೆ ನಾರಾಗಿ, ಹಸುವಿನ ಮುಂದೆ ಸುರಿಯಬೇಕು. ಇನ್ನು ಆಲೂಗಡ್ಡೆ. ಹಾಸನದವರಿಗೆ ಅಂಗಮಾರಿ ಏನು ಅಂತ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಮೋಡ ಮುಚ್ಚಿ, ಜಿನುಗು ಮಳೆ ಹಿಡಿದು, ತಂಪು ಗಾಳಿ ನಾಲ್ಕು ದಿನ ಬೀಸಿದರೆ ಎಲೆ ಅಂಚಿನಲ್ಲಿ ಕಪ್ಪು ಚುಕ್ಕೆ, ಕೆಳಗೆ ಬಿಳಿ ಬೂಷ್ಟು. ವಾರ ಕಳೆಯುವುದರೊಳಗೆ ಹೊಲ ಬೆಂಕಿ ಬಿದ್ದ ಹಾಗೆ ಕಪ್ಪು, ನಾತ ರಸ್ತೆವರೆಗೆ. 1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಹಾಳು ಮಾಡಿ ಜನರನ್ನು ಹಸಿವಿನಿಂದ ಸಾಯಿಸಿದ್ದೂ ಇದೇ ರೋಗ. ನಮ್ಮ ಕಡೆ ಎಷ್ಟೋ ಜನ ಇದರ ಸಹವಾಸವೇ ಬೇಡ ಅಂತ ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ಹೋದರು. ಪಂಜಾಬಿನಿಂದ ಬಂದ ಬೀಜಕ್ಕೆ ಸಾವಿರಾರು ರೂಪಾಯಿ ಸುರಿದವರು ಮೋಡ ನೋಡಿದ ದಿನವೇ ಔಷಧಿ ಹೊಡೆಯಬೇಕು. ಆಷಾಢ ಬರುತ್ತಲ್ಲ, ಮದುವೆ ಇಲ್ಲ, ಆರಾಮಾಗಿ ಬಂದು ಇರು ಅಂತ ಕರೆಯುವವರಿಗೆ ಆಷಾಢದಲ್ಲೇ ಈ ಜಿನುಗು ಹಿಡಿಯುವುದು ಗೊತ್ತಿರಲ್ಲ.

ತಮ್ಮನ ಮದುವೆ ಆದಮೇಲೆ ನಾವಿಬ್ಬರೂ ಒಟ್ಟಿಗೆ ಎಲ್ಲೂ ರಾತ್ರಿ ಉಳಿದಿಲ್ಲ. ಯಾರ ಮನೆಯ ಆಲ್ಬಮ್ ತೆಗೆದರೂ ಒಂದರಲ್ಲಿ ನಾನೊಬ್ಬಳೇ, ಇನ್ನೊಂದರಲ್ಲಿ ಅವರೊಬ್ಬರೇ. "ಯಜಮಾನ್ರು ಬರ್ಲಿಲ್ವಾ?" ಅಂತ ಕೇಳುವವರ ದನಿಯಲ್ಲೇ ಗೊತ್ತಾಗುತ್ತೆ, ಜಗಳ ಅಂದುಕೊಂಡಿದ್ದಾರೆ. ಜಗಳ ಆಡೋಕೂ ಇಬ್ಬರೂ ಒಂದು ಕಡೆ ಇರಬೇಕಲ್ವಾ?

ಇಷ್ಟು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. "ನೀನು ಇಲ್ಲಿದ್ದೀಯಲ್ಲ, ಅಲ್ಲಿ ಯಾರು ಕರೀತಾರೆ?" ಇದನ್ನು ಯಾರಾದರೂ ಕೇಳಿದ್ದರೆ ಬಸ್ಸು ತಪ್ಪಿದರೂ ಕೂತು ಹೇಳುತ್ತಿದ್ದೆ.

ಪಕ್ಕದ ಮನೆ ಅಕ್ಕ. ಯಜಮಾನರು ರಾತ್ರಿ ತ್ರೀಫೇಸ್ ಕರೆಂಟು ಬಂತು ಅಂತ ನೀರು ಕಟ್ಟೋಕೆ ಹೋಗಿ ನಿದ್ದೆಗೆಟ್ಟಿದ್ದಾಗ, ನನಗೆ ಜ್ವರ ಬಂದಾಗ, ಮಗನ ಸ್ಕೂಲಿನ ಮೀಟಿಂಗಿನಲ್ಲಿ ತಡವಾದಾಗ ಗೌರಿಯ ಪಕ್ಕ ಕೂರುವವಳು ಅವಳು. ಅವಳಿಗೂ ಮೊದಲು ಒದೆ ಬಿತ್ತು. ಆಮೇಲೆ ಅವಳೇ ಉಪಾಯ ಮಾಡಿದಳು. ನನ್ನ ಹಳೇ ನೈಟಿ, ತೊಳೆಯದೇ ಇರುವುದು, ಕೇಳಿ ತೆಗೆದುಕೊಂಡು ಅದನ್ನು ಸೀರೆ ಮೇಲೆಯೇ ಹಾಕಿಕೊಂಡು ಹೋಗಿ ಕೂತಳು. ಗೌರಿ ಮೂಸಿ ನೋಡಿ, ಹಾಲು ಇಳಿಸಿದಳು. ನೀಲಿ ಹೂವಿನ ಆ ನೈಟಿ ಈಗ ಕೊಟ್ಟಿಗೆಯ ಗೂಟದಲ್ಲೇ ನೇತಾಡುತ್ತೆ. ಒಗೆಯುವ ಹಾಗಿಲ್ಲ. ಒಂದು ಸಲ ಅತ್ತೆ ಒಗೆದುಹಾಕಿದರು, ಅವತ್ತು ಸಂಜೆ ಅಕ್ಕನ ಮೊಣಕಾಲಿಗೆ ಬಿತ್ತು.

ಇದಕ್ಕೆ ಕೂಲಿ ಇಲ್ಲ, ಕೊಟ್ಟರೆ ಬೈಯುತ್ತಾಳೆ. ಮುಯ್ಯಾಳು. ನಾಟಿ, ಕಳೆಗೆ ಹಿಂದೆ ಹೋಗುತ್ತಿದ್ದ ಹಾಗೆ, ಅವಳು ನನಗೆ ಒಂದು ಹೊತ್ತು ಮಾಡಿದರೆ ನಾನು ಅವಳಿಗೆ ಒಂದು ಹೊತ್ತು. ಛತ್ರದಲ್ಲಿ ನಾವು ಹಾಕುವ ಐನೂರು ರೂಪಾಯಿ ಮುಯ್ಯಿಯನ್ನು ಹೆಸರು, ಊರು ಸಮೇತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆ ದುಡ್ಡು ಹಾಕೋಕೆ ನಾನು ಬಂದು ನಿಂತಿರುವುದೇ ಅಕ್ಕ ಕೊಟ್ಟ ಮುಯ್ಯಿಯಿಂದ, ಅದು ಯಾರ ಪುಸ್ತಕದಲ್ಲೂ ಇಲ್ಲ. ನನ್ನ ತಲೆಯಲ್ಲಿದೆ. ಸದ್ಯಕ್ಕೆ ನಾನು ಅವಳಿಗೆ ಏಳು ಹೊತ್ತು ಬಾಕಿ.

ತೀರಿಸುವ ಕಾಲವೂ ಬಂದಿದೆ. ಬರುವ ಬೇಸಿಗೆಗೆ ಅವಳ ಮಗಳ ಮದುವೆ, ಚಿಕ್ಕಮಗಳೂರಿನಲ್ಲಿ ಛತ್ರ. ನಾನು ಎತ್ತಿ ಆಡಿಸಿದ ಹುಡುಗಿ. ಸೀರೆ ಆರಿಸೋಕೂ ನನ್ನನ್ನೇ ಕರೆದುಕೊಂಡು ಹೋಗಿದ್ದಳು. ಚಪ್ಪರದಿಂದ ಬೀಗರೂಟದವರೆಗೆ ಮೂರು ದಿನ ಅವಳ ಮನೆಯವರೆಲ್ಲ ಅಲ್ಲೇ. ಅವಳ ಆರು ಹಸು ಇಲ್ಲೇ. ಅವು ಊರಲ್ಲಿ ಅವಳನ್ನು ಬಿಟ್ಟರೆ ಹಾಲು ಇಳಿಸುವುದು ನನಗೊಬ್ಬಳಿಗೇ. ನೈಟಿ ಒಗೆಯದೇ ಕೊಟ್ಟು ಹೋಗು ಅಂದಿದ್ದೇನೆ.