ಇಪ್ಪತ್ತು ಡಾಲರ್ ಕೂಲಿ

14 ಜುಲೈ 2024, ಭಾನುವಾರ

ನಿನ್ನೆ ರಾತ್ರಿ ಅಪ್ಪನ ಜೊತೆ ಕೂತು ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ನೋಡಿದೆ. 1960ರ ಸಿನಿಮಾ. ಕುದುರೆ, ಟೋಪಿ, ಪಿಸ್ತೂಲು ಮೂರೂ ಕಂಡರೆ ಸಾಕು, ಅಪ್ಪನಿಗೆ ಅದು ‘ಕೌಬಾಯ್ ಪಿಕ್ಚರ್’. ಖುಷಿಯಾಗಿಯೇ ನೋಡುತ್ತಿದ್ದರು. ಆಮೇಲೆ ತಕರಾರು ಶುರುವಾಯಿತು. “ದುಡ್ಡು ತಗೊಂಡು ಹೊಡೆದಾಡೋನು ಹೀರೋ ಹೇಗಾಗ್ತಾನೆ?”

“ನಮ್ಮ ರಾಮನಗರದ ಬಂಡೆಗಳ ಮಧ್ಯೆ ಓಡಾಡಿದ ಜಯ್, ವೀರು ಕೂಡ ಕೂಲಿಗೇ ಬಂದವರಲ್ವಾ ಅಪ್ಪಾ?” ಅಂದೆ. ‘ಶೋಲೆ’ ಹೆಸರು ಬಂದರೆ ಅಪ್ಪ ವಾದ ಮಾಡುವುದಿಲ್ಲ. ಸುಮ್ಮನಾದರು.

ಆದರೆ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು.

ಮೆಕ್ಸಿಕೋದ ಒಂದು ಬಡ ಹಳ್ಳಿ. ಕಾಲ್ವೆರಾ ಅನ್ನುವ ದರೋಡೆಕೋರ ಬಂದು ಬೆಳೆದದ್ದನ್ನೆಲ್ಲ ದೋಚಿಕೊಂಡು ಹೋಗುತ್ತಾನೆ. ರೈತರು ಗಡಿ ದಾಟಿ ಬಂದು ಏಳು ಜನ ಬಂದೂಕುಗಾರರನ್ನು ಕೂಲಿಗೆ ಹಿಡಿಯುತ್ತಾರೆ. ತಲೆಗೆ ಇಪ್ಪತ್ತು ಡಾಲರ್, ಅದೂ ಆರು ವಾರಕ್ಕೆ. ಆ ದುಡ್ಡು ಗುಂಡಿಗೂ ಸಾಲದು ಎಂದು ವಿನ್ (ಸ್ಟೀವ್ ಮೆಕ್ವೀನ್) ನಗುತ್ತಾನೆ. ಆದರೂ ಹೊರಡುತ್ತಾನೆ. ಅವನಿಗೆ ಸಿಗುತ್ತಿದ್ದ ಇನ್ನೊಂದು ಕೆಲಸ ದಿನಸಿ ಅಂಗಡಿಯಲ್ಲಿ ಗುಮಾಸ್ತನದು! ಅದು ತ್ಯಾಗವಂತೂ ಅಲ್ಲ. ಅಂಗಡಿಯಲ್ಲಿ ಅಕ್ಕಿಬೇಳೆ ಕಟ್ಟಿಕೊಡುತ್ತಾ ಕೂರುವ ಮನಸ್ಸಿಲ್ಲ, ಅಷ್ಟೇ.

ನನಗೆ ಇಡೀ ಸಿನಿಮಾದಲ್ಲಿ ಇಷ್ಟವಾದವನು ಆ ಏಳು ಜನರಲ್ಲೊಬ್ಬ, ಹ್ಯಾರಿ ಲಕ್. ಪಕ್ಕಾ ದುರಾಸೆಯವನು. ಇಪ್ಪತ್ತು ಡಾಲರ್‌ಗೆ ಯಾರಾದರೂ ಸಾಯಲು ಹೋಗುತ್ತಾರಾ, ಇಲ್ಲೆಲ್ಲೋ ಚಿನ್ನ ಇರಬೇಕು ಎಂದು ಅವನ ಗುಮಾನಿ. ನಾಯಕ ಕ್ರಿಸ್ ಇಲ್ಲ ಅಂದಷ್ಟೂ ಇವನ ನಂಬಿಕೆ ಜಾಸ್ತಿಯಾಗುತ್ತದೆ.

ಮುಂದೆ ಹಳ್ಳಿಯವರಲ್ಲೇ ಕೆಲವರು ಹೆದರಿ ಈ ಏಳು ಜನರನ್ನು ಕಾಲ್ವೆರಾಗೆ ಹಿಡಿದುಕೊಡುತ್ತಾರೆ. ಅವನು ಊರಾಚೆ ಕಳಿಸಿ, ಬಂದೂಕನ್ನೂ ವಾಪಸ್ ಕೊಡುತ್ತಾನೆ. ಅಲ್ಲಿಗೆ ಲೆಕ್ಕ ಚುಕ್ತಾ. ಬೆನ್ನಿಗೆ ಚೂರಿ ಹಾಕಿದವರಿಗಾಗಿ ತಿರುಗಿ ಹೋಗುವ ಹಂಗು ಯಾರಿಗೂ ಇಲ್ಲ. ಉಳಿದವರು ವಾಪಸ್ ಹೊರಟರೂ ಹ್ಯಾರಿ ತನ್ನ ದಾರಿ ಹಿಡಿಯುತ್ತಾನೆ. ಆದರೆ ಕಾಳಗ ಜೋರಾಗಿರುವಾಗ ಕುದುರೆ ಓಡಿಸಿಕೊಂಡು ಬಂದುಬಿಡುತ್ತಾನೆ. ಕ್ರಿಸ್‌ನನ್ನು ಉಳಿಸಲು ಹೋಗಿ ಗುಂಡು ತಿನ್ನುತ್ತಾನೆ.

ಸಾಯುವಾಗಲೂ ಕೇಳುವುದು ಅದನ್ನೇ. ನಿಜ ಹೇಳು, ಚಿನ್ನ ಇತ್ತು ತಾನೇ? ಕ್ರಿಸ್ ಹೌದು ಎಂದು ಸುಳ್ಳು ಹೇಳುತ್ತಾನೆ. ಅರ್ಧ ಮಿಲಿಯನ್ ಡಾಲರ್, ನಿನ್ನ ಪಾಲು ಸುಮಾರು ಎಪ್ಪತ್ತು ಸಾವಿರ. (ಏಳರಿಂದ ಭಾಗಿಸಿ ನೋಡಿದೆ. ಲೆಕ್ಕ ಸರಿಯಾಗಿಯೇ ಇದೆ!)

ಹ್ಯಾರಿ ಬಂದದ್ದು ಚಿನ್ನಕ್ಕೋ, ಗೆಳೆಯರಿಗೋ? ನನಗನ್ನಿಸುವುದು, ಗೆಳೆಯರಿಗಾಗಿಯೇ ಬಂದ. ಆದರೆ ಅದನ್ನು ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆ. ಚಿನ್ನ ಒಂದು ನೆಪ.

‘ಹೈ ನೂನ್’ (1952) ಅನ್ನುವ ಇನ್ನೊಂದು ಕೌಬಾಯ್ ಸಿನಿಮಾ ನೆನಪಾಯಿತು. ಊರು ಕಾಯುವ ಅಧಿಕಾರಿ ಮಾರ್ಷಲ್ ಕೇನ್‌ನನ್ನು ಕೊಲ್ಲಲು ಹಳೇ ಹಗೆಯವರು ಬರುತ್ತಿರುತ್ತಾರೆ. ಅಲ್ಲಿ ಲೆಕ್ಕ ಹಾಕುವವರು ಊರಿನವರು. ಬೀದಿಯಲ್ಲಿ ಗುಂಡು ಹಾರಿದರೆ ಉತ್ತರದ ಹಣವಂತರು ಇಲ್ಲಿ ಬಂಡವಾಳ ಹಾಕುವುದಿಲ್ಲ, ನೀನು ಊರು ಬಿಡು ಎಂದು ಚರ್ಚಿನಲ್ಲೇ ಮಾರ್ಷಲ್ ಕೇನ್‌ಗೆ ಹೇಳುತ್ತಾರೆ. ಅವನಾದರೂ ಪೂರಾ ಊರಿಗಾಗಿ ನಿಂತವನಲ್ಲ. ಈಗ ಓಡಿದರೆ ಹಗೆಯವರು ಬೆನ್ನು ಬಿಡುವುದಿಲ್ಲ ಎಂದು ಹೆಂಡತಿಗೆ ಮೊದಲೇ ಹೇಳಿರುತ್ತಾನೆ. ಎಲ್ಲ ಮುಗಿದ ಮೇಲೆ ಬ್ಯಾಡ್ಜ್ ಕಿತ್ತು ಮಣ್ಣಿಗೆಸೆದು ಹೋಗುತ್ತಾನೆ. ಊರನ್ನು ಪ್ರೀತಿಸಿದವನು ಹಾಗೆ ಎಸೆಯುತ್ತಾನಾ? ಅಥವಾ ಪ್ರೀತಿಸಿದ್ದಕ್ಕೇ ಎಸೆದನಾ? ಇದನ್ನು ಮೂರು ಸಲ ನೋಡಿದ್ದೇನೆ, ಪ್ರತಿ ಸಲ ಬೇರೆ ಉತ್ತರ.

‘ಶೇನ್’ ಸಿನಿಮಾದ ನಾಯಕನಂಥ ಪರೋಪಕಾರಿಗಳು ನನಗೆ ಅಷ್ಟು ಹತ್ತಿರವಾಗುವುದಿಲ್ಲ. ಬಟ್ಟೆಯೂ ಚೊಕ್ಕ, ಮನಸ್ಸೂ ಚೊಕ್ಕ. ಹ್ಯಾರಿಯ ಹಾಗೆ ಒಂದು ಕಲೆ ಇರಬೇಕು.

ಕಾಲ್ವೆರಾ ಕೂಡ ಸಾಯುವಾಗ ಕ್ರಿಸ್‌ನನ್ನು ಕೇಳುತ್ತಾನೆ: ಇಂಥ ಊರಿಗೆ, ನಿನ್ನಂಥವನು, ಯಾಕೆ ವಾಪಸ್ ಬಂದೆ? ಕ್ರಿಸ್ ಉತ್ತರ ಕೊಡುವುದಿಲ್ಲ. ಅವನಿಗೇ ಗೊತ್ತಿತ್ತೋ ಇಲ್ಲವೋ.

ಅಷ್ಟು ಹೊತ್ತಿಗೆ ಅಪ್ಪ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಇವತ್ತು ಬೆಳಗ್ಗೆ ಕಾಫಿ ಕುಡಿಯುತ್ತಾ ಕೇಳಿದರು, “ಕೊನೆಗೆ ಆ ಆಸೆಬುರುಕನಿಗೆ ಚಿನ್ನ ಸಿಕ್ತೇನೋ?”

“ಸಿಕ್ತಪ್ಪ, ಎಪ್ಪತ್ತು ಸಾವಿರ” ಅಂದೆ.