ಮುಳುಗಡೆ ಶಾಲೆಯಲ್ಲೊಂದು ನಿಧಿಶೋಧ

ಕಳೆದ ಶ್ರಾವಣದಲ್ಲಿ ನಮ್ಮ ಇತಿಹಾಸದ ಮಾಸ್ತರರು ತೀರಿಕೊಂಡರು. ಮುಳುಗಡೆಯಾದವರಿಗೆಂದು ಕಟ್ಟಿದ ನವನಗರದಲ್ಲಿ ಅವರ ನೆನಪಿಗೆಂದು ಸೇರಿದ ನಮ್ಮಲ್ಲಿ ಯಾರಿಗೂ ಅವರು ಮಾಡಿದ ಒಂದು ಪಾಠವೂ ಸರಿಯಾಗಿ ನೆನಪಿರಲಿಲ್ಲ. ಹಳೇ ಬಾಗಲಕೋಟೆಯ ಶಾಲೆಯಲ್ಲಿ ಅವರು ಒಡ್ಡಿದ ಒಗಟು ಮಾತ್ರ ಎಲ್ಲರಿಗೂ ಬಾಯಿಪಾಠವಾಗಿತ್ತು.

ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಂದಿನಿಂದ ನಮ್ಮೂರಿನ ಹಿರಿಯರು "ಇವತ್ತಲ್ಲ ನಾಳೆ ಮುಳುಗೂದೈತಿ" ಎನ್ನುತ್ತಲೇ ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿ ಬದುಕಿದ್ದರು. ತೊಂಬತ್ತರ ದಶಕದ ಕೊನೆಗೆ, ನಾವು ಎಂಟನೆಯ ಇಯತ್ತೆಯಲ್ಲಿದ್ದಾಗ, ಆ ನಾಳೆ ಬಂದೇ ಬಿಟ್ಟಿತು. ಘಟಪ್ರಭೆಯತ್ತ ಇಳಿಯುವ ಓಣಿಯಲ್ಲಿದ್ದ ಶಾಲೆಯದು ಮಣ್ಣಿನ ಮಾಳಿಗೆ. ಮೇಲೆ ಬೆಳಕಿಂಡಿ, ಅಂಗಳದ ಬೇವಿನ ಮರಕ್ಕೆ ಗಂಟೆಯಾಗಿ ತೂಗುಹಾಕಿದ ರೈಲು ಹಳಿಯ ತುಂಡು. ಗೋಡೆಗಳ ಮೇಲೆ ಸರ್ವೇದವರು ಕೆಂಪು ಬಣ್ಣದಲ್ಲಿ ಸಂಖ್ಯೆ ಬರೆದು ಹೋಗಿದ್ದರು.

ಶನಿವಾರದ ಮುಂಜಾನೆ ಶಾಲೆ ಮುಗಿಯುವ ಹೊತ್ತಿಗೆ ಮಾಸ್ತರರು ತಪಕೀರು ಏರಿಸಿ, ಬೆರಳನ್ನು ಧೋತರದ ಚುಂಗಿಗೆ ಒರೆಸಿಕೊಂಡು, ಹಲಗೆಯ ಮೇಲೆ ಬರೆದರು: "ಮಂಗಲೇಶ ವಿಷ್ಣುವಿಗೆ ಮನೆ ಮಾಡಿಕೊಟ್ಟ ವರ್ಷ ನಮ್ಮ ಕಪಾಟಿನಲ್ಲಿ ಕುಳಿತಿದೆ. ಹುಡುಕಿದವರಿಗೆ ನಿಧಿ." ಕೆಂಪು ಸಂಖ್ಯೆಗಳೇ ಸುಳಿವೆಂದು ನಂಬಿದ ಕೆಲವರು ಗೋಡೆ ತಟ್ಟುತ್ತ ತಿರುಗಿದರು. ಚಾಲುಕ್ಯರ ಮಂಗಲೇಶ ವಿಷ್ಣುವಿಗೆಂದು ಮಾಡಿಸಿದ ಬಾದಾಮಿಯ ಮೂರನೆಯ ಗುಹೆಯ ಶಾಸನದಲ್ಲಿ ಶಕವರ್ಷ 500 ಎಂದಿರುವುದು ಗೊತ್ತಿದ್ದವರು ವಾಚನಾಲಯದ 500ನೆಯ ಪುಸ್ತಕವನ್ನು ಕೊಡವಿದರೆ ಉದುರಿದ್ದು ಜಿರಲೆ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆಂದು, ಆದ್ದರಿಂದ 578ನೆಯ ಪುಸ್ತಕ ನೋಡಬೇಕೆಂದು ಹೇಳಿದವನು ನಾನು. ಇದನ್ನು ಗೆಳೆಯರು ಇಂದಿಗೂ ಒಪ್ಪುವುದಿಲ್ಲವಾದರೂ ದಾಖಲೆಗೆ ಇರಲೆಂದು ಬರೆಯುತ್ತಿದ್ದೇನೆ.

ಅದರಲ್ಲಿದ್ದ ಚೀಟಿ ಕೇಳಿತ್ತು: "ಕಪ್ಪೆ ಅರಭಟ್ಟನ ಪದ್ಯಕ್ಕೆ ಎಷ್ಟು ಕಾಲು? ಅಷ್ಟನೆಯ ಕೋಣೆ." ಕಪ್ಪೆಗೆ ನಾಲ್ಕು ಕಾಲೆಂದು ಅರ್ಧ ವರ್ಗ ನಾಲ್ಕನೆಯ ಕೋಣೆಗೆ ಓಡಿತು. ಬಾದಾಮಿಯ ಬಂಡೆಯ ಮೇಲಿನ ಆ ಪ್ರಸಿದ್ಧ ಪದ್ಯ ತ್ರಿಪದಿಯೆಂದು ನೆನಪಾದ ನಾವು ನಾಲ್ವರು ಬಾಯಿ ಬಿಡಲಿಲ್ಲ. ಮೂರನೆಯ ಕೋಣೆಗೆ ಬೀಗ ಬಿದ್ದಿತ್ತು. ಮರುದಿನ ಮಧ್ಯಾಹ್ನ, ಊರು ಉಂಡು ಮಲಗಿದ ಹೊತ್ತಿನಲ್ಲಿ, ಒಬ್ಬನ ಅಜ್ಜನ ರುಮಾಲನ್ನು ಕದ್ದು ತಂದು, ನಮ್ಮಲ್ಲಿ ಎಲ್ಲರಿಗಿಂತ ಸಣ್ಣವನ ಸೊಂಟಕ್ಕೆ ಬಿಗಿದು, ಬೆಳಕಿಂಡಿಯಿಂದ ಇಳಿಬಿಟ್ಟೆವು. ಅವನು ನೆಲ ಮುಟ್ಟುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಎದುರಿಗೆ ಶಾಲೆಯ ಜವಾನ. "ಕೀಲಿ ನನ್ನ ಕಡೇನ ಕೊಟ್ಟಿದ್ರಲ್ಲೋ ಮಾಸ್ತರ. ಕೇಳಿದ್ರ ಕೊಡ್ತಿದ್ದೆ," ಎಂದ ಆತನ ನಗು ರುಮಾಲಿನ ಒಡೆಯನ ಮನೆಯವರೆಗೂ ಮುಟ್ಟಿತು, ಅಲ್ಲಿ ಬಿದ್ದ ಏಟುಗಳ ವಿವರ ಇಲ್ಲಿ ಬೇಡ.

ಕೋಣೆಯ ಟ್ರಂಕಿನಲ್ಲಿ ಪುಟಾಣಿ, ಬೆಲ್ಲದ ಗಂಟು ಮತ್ತು ಮುಂಬಯಿ ರಾಜ್ಯದ ಕಾಲದ ಪ್ರವೇಶ ರಜಿಸ್ಟರ್ ಇದ್ದವು. ಅದರಲ್ಲಿ ನಮ್ಮ ಅಪ್ಪಂದಿರ, ಅಜ್ಜಂದಿರ ಹೆಸರುಗಳಿದ್ದವು. ನನ್ನ ಅಜ್ಜನ ಸಾಲಿನ ಕೊನೆಗೆ ಶಾಲೆ ಬಿಟ್ಟ ಕಾರಣ "ಎತ್ತು ಕಾಯಲು" ಎಂದಿತ್ತು. ಮಾಸ್ತರರು ಆ ರಜಿಸ್ಟರನ್ನು ನಮ್ಮ ಕೈಗೇ ಕೊಟ್ಟು, "ನೀವ ಹೊಸ ಶಾಲೀಗೆ ಒಯ್ರಿ" ಎಂದರು. ಮುಂದೆ ಕಂದಾಯ ಕಚೇರಿಯಲ್ಲಿ ಯಾರೂ ಓದಲಾರದ ಹಳೆಯ ದಫ್ತರಗಳಿಗೆ ಅಧಿಕಾರಿಗಳು ನನ್ನನ್ನೇ ಕರೆಯುತ್ತಿದ್ದುದಕ್ಕೆ ಆ ಟ್ರಂಕೇ ಮೂಲವೆಂದು ತಿಳಿದಿದ್ದೇನೆ.

ನನ್ನ ಮಗಳ ಶಾಲೆಯಲ್ಲೂ 'ಚಟುವಟಿಕೆ'ಗಳಿಗೆ ಬರವಿಲ್ಲ. ಥರ್ಮಾಕೋಲಿನ ಗೋಳಗುಮ್ಮಟ ಅಂಗಡಿಯಲ್ಲಿ ಸಿದ್ಧ ಸಿಗುತ್ತದೆ, ಅಂಟಿಸುವವರು ನಾವು, ಅಂಕ ಅವಳಿಗೆ. ಶಿಕ್ಷಕರನ್ನು ದೂರುವುದೂ ತಪ್ಪು. ವರದಿ ತುಂಬಿಸಿ ಕಳಿಸುವುದರಲ್ಲೇ ಅವರ ಶನಿವಾರಗಳು ಮುಗಿಯುತ್ತವೆ.

ರಜಿಸ್ಟರ್ ಈಗ ನವನಗರದ ಶಾಲೆಯ ಕಚೇರಿಯ ಬೀರುವಿನಲ್ಲಿದೆ. ಅಂಚುಗಳಿಗೆ ಹುಳು ಹತ್ತಿದೆ. ಪುಟಪುಟವನ್ನೂ ಸ್ಕ್ಯಾನ್ ಮಾಡಿಸುವ ಖರ್ಚು ನಮ್ಮದೆಂದು ಮುಖ್ಯಾಧ್ಯಾಪಕರಿಗೆ ಪತ್ರ ಕೊಟ್ಟಿದ್ದೇವೆ. ಮೊದಲ ಸಹಿ ನನ್ನದು. ಉಳಿದವರು ದೀಪಾವಳಿಗೆ ಊರಿಗೆ ಬಂದಾಗ ಮಾಡಬಹುದು.