ಮಸಾಕಾದ ಕಾಫಿ ಕಣಗಳಿಗೆ ಸ್ವಯಂಸೇವಕರಾಗಿ ಹೊರಡುವ ಮಲೆನಾಡಿಗರಿಗೆ

ಉಗಾಂಡಾ ದೇಶದ ಮಸಾಕಾ ಪಟ್ಟಣದ ಕಡೆ, ಕಾಫಿ ಒಣಗಿಸುವ ಕಣಗಳಲ್ಲಿ ಸ್ವಯಂಸೇವೆ ಮಾಡಿ ನಾನು ಮರಳಿದ ಮೇಲೆ ಕೊಪ್ಪ, ತೀರ್ಥಹಳ್ಳಿ, ಬಾಳೆಹೊನ್ನೂರು ಕಡೆಯ ಪರಿಚಯದ ಬೆಳೆಗಾರರ ಮಕ್ಕಳು ಹಲವರು ತಾವೂ ಹೀಗೆ ಹೋಗಬಹುದೇ ಎಂದು ವಿಚಾರಿಸುತ್ತಿದ್ದಾರೆ. ಅವರಿಗೆಲ್ಲ ನಾನು ಮೊದಲು ಹೇಳುವ ಮಾತು ಹಣದ ವಿಷಯದ್ದು. ಮಧ್ಯವರ್ತಿ ಸಂಸ್ಥೆ ಕೇಳಿದ ಮೊತ್ತವನ್ನು ಪೂರ್ತಿಯಾಗಿ ಮುಂಗಡ ಕಟ್ಟಬೇಡಿ. ಅದರಲ್ಲಿ ನೀವು ಉಳಿಯುವ ಮನೆಯವರಿಗೆ ಎಷ್ಟು, ಯಾವ ದಿನ ಸಲ್ಲುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ನನ್ನನ್ನು ಕಳುಹಿಸಿದ ಸಂಸ್ಥೆ ಊಟ, ವಸತಿ, ಸ್ಥಳೀಯ ಮೇಲ್ವಿಚಾರಣೆ ಎಂದು ವಾರದ ಲೆಕ್ಕದಲ್ಲಿ ಡಾಲರ್ ವಸೂಲು ಮಾಡಿತ್ತು. ಮಸಾಕಾ ಸಮೀಪದ ಹಳ್ಳಿಯಲ್ಲಿ ನನಗೆ ಅನ್ನ ಹಾಕಿದ ಮನೆಯ ಯಜಮಾನಿಗೆ ಅದರ ಐದನೆಯ ಒಂದು ಪಾಲೂ ತಲುಪುತ್ತಿರಲಿಲ್ಲ, ತಲುಪಿದ್ದೂ ತಡವಾಗಿಯೇ. ಮಕ್ಕಳ ಶಾಲಾ ಶುಲ್ಕದ ಗಡುವು ಬಂದಾಗ ಕೈಯಲ್ಲಿ ಕಾಸಿಲ್ಲದೆ ಆಕೆ ಕಣದಲ್ಲಿ ಇನ್ನೂ ಅರ್ಧ ಒಣಗಿದ್ದ ಕಾಫಿಯನ್ನು ಬಾಚಿ ವ್ಯಾಪಾರಿ ಹೇಳಿದ ದರಕ್ಕೆ ತೂಕ ಹಾಕಿಸಿದರು. ಚೆನ್ನಾಗಿ ಒಣಗಿಸಿ ಒಳ್ಳೆಯ ಬೆಲೆಗೆ ಮಾರುವುದನ್ನು ಹೇಳಿಕೊಡಲೆಂದು ನಾನು ಹೋಗಿದ್ದೆ. ನನ್ನ ಊಟದ ಹಣ ಸಮಯಕ್ಕೆ ಬಾರದ ಕಾರಣಕ್ಕೇ ಆ ಮನೆಯ ಕಾಫಿ ಹಸಿಯಾಗಿ ಹೋಯಿತು. ಆ ದಿನದಿಂದ ಮನೆಯ ಖರ್ಚನ್ನು ನಾನು ನೇರವಾಗಿ ಯಜಮಾನಿಯ ಮೊಬೈಲ್ ಖಾತೆಗೆ ಕಳುಹಿಸತೊಡಗಿದೆ. ಅಲ್ಲಿ ಹಳ್ಳಿಹಳ್ಳಿಯಲ್ಲೂ ಎಂಟಿಎನ್ ಎಂಬ ಫೋನ್ ಕಂಪನಿ ಮತ್ತು ಏರ್‌ಟೆಲ್‌ನ ಮೊಬೈಲ್ ಹಣದ ವ್ಯವಸ್ಥೆ ಇರುವುದರಿಂದ ಇದು ಕಷ್ಟವೇನಲ್ಲ.

ಹೋಗುವ ಕಾಲದ ವಿಷಯದಲ್ಲಿ ಮಲೆನಾಡಿನ ಬೆಳೆಗಾರರಿಗೆ ಒಂದು ಅನುಕೂಲವಿದೆ. ನಮ್ಮಲ್ಲಿ ರೊಬಸ್ಟಾ ತಳಿಯ ಕಾಫಿಯ ಕೊಯ್ಲು ಮುಗಿದು, ಜೂನ್‌ನಲ್ಲಿ ಮಳೆ ಹಿಡಿದು ತೋಟಕ್ಕೆ ಕಾಲಿಡಲಾಗದ ದಿನಗಳಲ್ಲಿ, ಭೂಮಧ್ಯರೇಖೆಯ ಆಚೆಗಿರುವ ಮಸಾಕಾದಲ್ಲಿ ಕೊಯ್ಲು ಜೋರಾಗಿರುತ್ತದೆ ಮತ್ತು ಜೂನ್, ಜುಲೈ ಅಲ್ಲಿ ಹೆಚ್ಚಾಗಿ ಒಣ ಹವೆಯ ತಿಂಗಳುಗಳು. ಮನೆಯ ಕೆಲಸ ಕೆಡಿಸಿಕೊಳ್ಳದೆ ಹೋಗಿಬರಬಹುದು.

ವೀಸಾದ ಬಗ್ಗೆ ಎಚ್ಚರವಿರಲಿ. ಸಂಬಳವಿಲ್ಲದ ಕೆಲಸ ತಾನೇ, ಪ್ರವಾಸಿ ವೀಸಾದಲ್ಲೇ ಬನ್ನಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸ್ವಯಂಸೇವೆಗೂ ಅಲ್ಲಿನ ವಲಸೆ ಇಲಾಖೆಯ ಅನುಮತಿ ಬೇಕು ಮತ್ತು ಅದನ್ನು ಮಾಡಿಸಿಕೊಡುವುದು ಕರೆಸಿಕೊಳ್ಳುವವರ ಹೊಣೆ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ಅಲ್ಲಿ ಇಳಿಯುವಾಗ ಮಾತ್ರವಲ್ಲ, ಹಿಂತಿರುಗಿ ಭಾರತದಲ್ಲಿ ಇಳಿಯುವಾಗಲೂ ಕೇಳುತ್ತಾರೆ. ಲಸಿಕೆ ಹಾಕಿಸಿಕೊಂಡು 10 ದಿನ ಕಳೆದ ಮೇಲಷ್ಟೇ ಅದು ಊರ್ಜಿತವಾಗುತ್ತದೆ ಮತ್ತು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಆದ್ದರಿಂದ ಬೆಂಗಳೂರಿಗೆ ಒಮ್ಮೆ ಮೊದಲೇ ಹೋಗಿಬರಬೇಕಾಗುತ್ತದೆ.

ವಿಮಾನ ನಿಲ್ದಾಣವಿರುವ ಎಂಟೆಬೆಯಲ್ಲಿ ಇಳಿದ ರಾತ್ರಿಗೆ ಸಂಸ್ಥೆಯವರೇ ಗೊತ್ತುಮಾಡಿದ್ದ ಕೋಣೆ ದುಬಾರಿಯಾಗಿತ್ತು, ನಲ್ಲಿಯಲ್ಲಿ ನೀರಿರಲಿಲ್ಲ, ಜನರೇಟರಿಗೆ ಬೇರೆ ಹಣ ಕೇಳಿದರು. ಅದಕ್ಕಿಂತ ವಿವರವಾಗಿ ಹೇಳಬೇಕಾದದ್ದು ರಾಜಧಾನಿ ಕಂಪಾಲಾದಿಂದ ಮಸಾಕಾಕ್ಕೆ ಹೋಗುವ ವ್ಯಾನಿನ ಸಂಗತಿ. ಸುಮಾರು 130 ಕಿಲೋಮೀಟರ್ ದೂರದ ಈ ದಾರಿಯಲ್ಲಿ 14 ಜನ ಕೂರುವ ಬಿಳಿಯ ವ್ಯಾನುಗಳು ಓಡುತ್ತವೆ, ಅವನ್ನು ಅಲ್ಲಿ ಟ್ಯಾಕ್ಸಿ ಎಂದೇ ಕರೆಯುತ್ತಾರೆ. ವ್ಯಾನು ತುಂಬಿದ ಮೇಲಷ್ಟೇ ಹೊರಡುವುದು ಪದ್ಧತಿ. ನಾನು ಹತ್ತಿದಾಗ ಎರಡು ಸೀಟು ಮಾತ್ರ ಖಾಲಿ ಇದ್ದವು, ಈಗಲೇ ಹೊರಡುತ್ತದೆ ಎಂದರು. ನನ್ನ ಹಿಂದೆ ಒಬ್ಬರು ಹತ್ತಿದಾಗ ಮುಂದೆ ಕೂತಿದ್ದ ಯುವಕ ಇಳಿದುಹೋದ, ಇನ್ನೊಬ್ಬರು ಬಂದಾಗ ಅವನ ಪಕ್ಕದವನೂ ಇಳಿದ. ವ್ಯಾನು ತುಂಬಿದಂತೆ ಕಾಣಲೆಂದೇ ನಿಲ್ದಾಣದ ಹುಡುಗರನ್ನು ಪ್ರಯಾಣಿಕರ ಹಾಗೆ ಕೂರಿಸಿದ್ದರು. ಬೆಳಗ್ಗೆ ಹತ್ತಿದ ವ್ಯಾನು ಹೊರಟಾಗ ಮಧ್ಯಾಹ್ನ ಬಾಗಿತ್ತು, ಅಷ್ಟು ಹೊತ್ತೂ ನನ್ನ ಚೀಲ ಯಾರದೋ ಕೋಳಿಗಳ ಕೆಳಗಿತ್ತು. ಕಂಪಾಲಾದ ಟ್ಯಾಕ್ಸಿ ನಿಲ್ದಾಣದ ಜನಜಂಗುಳಿಯನ್ನು ನಾನಂತೂ ಸಹಿಸಲಾರೆ; ಶಿವಮೊಗ್ಗದ ಬಸ್ ನಿಲ್ದಾಣವೇ ಗದ್ದಲವೆನಿಸುವ ನನ್ನಂಥವರು ಅಲ್ಲಿಗೆ ಹೋಗಲೇಬಾರದು. ನಸುಕಿನಲ್ಲೇ ಹೊರಟು, ನಗರದ ಹೊರವಲಯದ ಹೆದ್ದಾರಿಯಲ್ಲಿ ನಿಂತು, ಈಗಾಗಲೇ ಓಡುತ್ತಿರುವ ದೊಡ್ಡ ಬಸ್ಸಿಗೆ ಕೈ ಮಾಡುವುದು ಲೇಸು. ದರವನ್ನು ಮೊದಲೇ ಸ್ಥಳೀಯರಿಂದ ಕೇಳಿಟ್ಟುಕೊಳ್ಳಿ ಮತ್ತು ವಾಹನ ಹೊರಡುವ ಮೊದಲು ಹಣ ಕೊಡಬೇಡಿ.

ಈ ಪ್ರಯಾಣದ ದಣಿವನ್ನೆಲ್ಲ ಮರೆಸಿದ್ದು ಮಸಾಕಾಕ್ಕೆ ಅಂಟಿಕೊಂಡಿರುವ ನ್ಯೆಂಡೊ ಪೇಟೆಯ ಒಂದು ತಗಡಿನ ಚಪ್ಪರ. ಸಸ್ಯಾಹಾರಿಗಳು ಆಫ್ರಿಕಾದಲ್ಲಿ ಉಪವಾಸ ಬೀಳುತ್ತಾರೆಂದು ನನ್ನನ್ನು ಹೆದರಿಸಿದವರೆಲ್ಲ ಒಮ್ಮೆ ಆ ಬೆಂಚಿನ ಮೇಲೆ ಕೂತು ಉಣ್ಣಬೇಕು. ಅದನ್ನು ನಡೆಸುವ ಹೆಂಗಸು ಬೆಳಗಿನ ಜಾವವೇ ಹಸಿರು ಬಾಳೆಕಾಯಿಯ ಸಿಪ್ಪೆ ಹೆರೆದು, ಬಾಡಿಸಿದ ಬಾಳೆಲೆಯಲ್ಲಿ ಗಂಟು ಕಟ್ಟಿ, ದಪ್ಪ ತಳದ ಪಾತ್ರೆಯಲ್ಲಿ ಬಾಳೆದಿಂಡಿನ ತುಂಡುಗಳ ಮೇಲಿರಿಸಿ, ಇದ್ದಿಲ ಒಲೆಯ ಮೇಲೆ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುತ್ತಾರೆ. ನಡುವೆ ಒಮ್ಮೆ ಗಂಟನ್ನು ಎತ್ತಿ, ಎಲೆಯ ಮೇಲಿನಿಂದಲೇ ಅಂಗೈಯಲ್ಲಿ ಒತ್ತಿ ಒತ್ತಿ ಮಿದ್ದು, ಮತ್ತೆ ಪಾತ್ರೆಗೆ ಇಳಿಸುತ್ತಾರೆ. ಬಿಚ್ಚಿದಾಗ ಮಟೋಕೆ ಎಂಬ ಈ ಅಡುಗೆ ಹಳದಿಯ ಮೆತ್ತನೆಯ ಮುದ್ದೆಯಾಗಿ, ನಮ್ಮ ಬಾಳೆಲೆ ಕಡುಬಿನ ಹಾಗೆ ಎಲೆಯ ವಾಸನೆ ಹಿಡಿದಿರುತ್ತದೆ. ಅದರ ಮೇಲೆ ಕಡಲೆಕಾಯಿ ಅರೆದು ಕುದಿಸಿದ ನಸುಗೆಂಪು ಸಾರು, ಪಕ್ಕದಲ್ಲಿ ಹುರುಳಿಕಾಯಿ ಬೀಜದಂಥ ಕಾಳಿನ ಗೊಜ್ಜು, ಟೊಮೆಟೊ ಹಾಕಿದ ಹರಿವೆ ಸೊಪ್ಪು. ಖಾರವಿಲ್ಲ, ಒಗ್ಗರಣೆಯಿಲ್ಲ, ಆದರೂ ಎಲ್ಲಿಯೂ ಸಪ್ಪೆ ಎನಿಸಲಿಲ್ಲ. ನಾನಿದ್ದಾಗ ಆ ತಟ್ಟೆಗೆ 3,000 ಶಿಲ್ಲಿಂಗ್, ಅಂದರೆ ನಮ್ಮ 70 ರೂಪಾಯಿಯ ಆಸುಪಾಸು. ಸಂಜೆ ಅದೇ ಸಾಲಿನಲ್ಲಿ ಚಪಾತಿಯನ್ನು ತುಂಡರಿಸಿ ಕಾಳಿನ ಜೊತೆ ಕಲಸಿಕೊಡುವ ಕಿಕೊಮಾಂಡೊ ಸಿಗುತ್ತದೆ. ಚಪಾತಿ ಅಲ್ಲಿಗೆ ಭಾರತೀಯರ ಜೊತೆ ಹೋದದ್ದು, ಈಗ ಬೀದಿಬೀದಿಯ ತಿಂಡಿಯಾಗಿದೆ. ಕಾಳನ್ನು ಮಾಂಸದ ಸಾರಿನಲ್ಲಿ ಬೇಯಿಸಿಲ್ಲವೇ ಎಂದು ಮಾತ್ರ ಕೇಳಿಕೊಳ್ಳಿ. ಆ ಹೆಂಗಸು ನನಗೆ ಹೇಳಿಯೇ ಬಡಿಸುತ್ತಿದ್ದರು.

ಹಳ್ಳಿಯ ದಿನಚರಿಗೆ ಮಲೆನಾಡಿನವರು ಬೇಗ ಹೊಂದಿಕೊಳ್ಳುತ್ತಾರೆ. ಕೆಂಪು ಮಣ್ಣು, ಹಲಸು, ಮರಗೆಣಸು, ಬಾಳೆಯ ನೆರಳಿನಲ್ಲಿ ಕಾಫಿ, ಇವೆಲ್ಲ ಅಲ್ಲಿಯೂ ಇವೆ. ಕಷ್ಟವಾಗುವುದು ನೀರು. 20 ಲೀಟರಿನ ಹಳದಿ ಕ್ಯಾನುಗಳಲ್ಲಿ ಮಕ್ಕಳು ಕೊಳವೆಬಾವಿಯಿಂದ ಹೊತ್ತು ತರುತ್ತಾರೆ. ಅಬ್ಬಿ ಒಲೆಯ ಹಂಡೆಯಿಂದ ಮೊಗೆಮೊಗೆದು ಸ್ನಾನ ಮಾಡಿ ಅಭ್ಯಾಸವಾದವರು ಅರ್ಧ ಬೇಸಿನ್ ನೀರಿನಲ್ಲಿ ಮುಗಿಸುವುದನ್ನು ಕಲಿಯಬೇಕು. ಇನ್ನೊಂದು, ಹೊರಗೆ ಒಣಹಾಕಿದ ಬಟ್ಟೆಯನ್ನು, ಒಳಉಡುಪನ್ನೂ ಸೇರಿಸಿ, ಇಸ್ತ್ರಿ ಮಾಡದೆ ತೊಡಬೇಡಿ. ಮ್ಯಾಂಗೋ ಫ್ಲೈ ಎಂಬ ನೊಣ ಒದ್ದೆ ಬಟ್ಟೆಯಲ್ಲಿ ಮೊಟ್ಟೆಯಿಡುತ್ತದೆ, ಅದರ ಮರಿಹುಳು ಚರ್ಮದೊಳಗೆ ಸೇರಿ ಕುರುವಿನಂತೆ ಬಾಯುತ್ತದೆ. ಇದ್ದಿಲಿನ ಇಸ್ತ್ರಿಪೆಟ್ಟಿಗೆ ಅಲ್ಲಿ ಹಲವು ಮನೆಗಳಲ್ಲಿ ಇರುತ್ತದೆ. ಹೊತ್ತನ್ನು ಅಲ್ಲಿ ಸೂರ್ಯೋದಯದಿಂದ ಎಣಿಸುವ ರೂಢಿಯಿದೆ, ಎರಡು ಗಂಟೆಗೆ ಬನ್ನಿ ಎಂದರೆ ಬೆಳಗ್ಗೆ ಎಂಟಕ್ಕೆ ಎಂದರ್ಥ.

ಭಾರತೀಯರೆಂದರೆ ಅಂಗಡಿಯ ಧಣಿಗಳು ಎಂಬ ಭಾವನೆ ಅಲ್ಲಿ ಗಟ್ಟಿಯಾಗಿದೆ. 1972ರಲ್ಲಿ ಇದಿ ಅಮೀನ್ ಏಷ್ಯಾ ಮೂಲದವರನ್ನು 90 ದಿನಗಳ ಗಡುವು ಕೊಟ್ಟು ಹೊರಹಾಕಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ನಿಮ್ಮ ಅಂಗಡಿ ಎಲ್ಲಿದೆ ಎಂದು ನನ್ನನ್ನು ಕೇಳದವರೇ ಇರಲಿಲ್ಲ. ನನ್ನ ಮನೆಯಲ್ಲೂ ರೊಬಸ್ಟಾ ಬೆಳೆಯುತ್ತೇವೆ ಎಂದು ಕೈಯ ಜಡ್ಡು ತೋರಿಸಿದ ಮೇಲೆ ಮಾತಿನ ಧಾಟಿ ಬದಲಾಗುತ್ತಿತ್ತು. ಒಬ್ಬ ಅಜ್ಜಿ, ಹಣ್ಣಿನಲ್ಲೇ ಬೇಯಿಸಿ ಒಣಗಿಸಿದ ಕಾಫಿ ಬೀಜಗಳನ್ನು ಬಾಳೆನಾರಿನ ಪುಟ್ಟ ಪೊಟ್ಟಣದಿಂದ ನನ್ನ ಅಂಗೈಗೆ ಸುರಿದು ಅಗಿಯಲು ಹೇಳಿದರು. ಬಂದವರಿಗೆ ಹೀಗೆ ಕಾಫಿ ಬೀಜ ಕೊಡುವುದು ಮಸಾಕಾ ಸೇರಿರುವ ಬುಗಾಂಡಾ ಎಂಬ ಸಾಂಪ್ರದಾಯಿಕ ರಾಜ್ಯದ ಹಳೆಯ ಸಂಪ್ರದಾಯ. ಕಹಿಯ ಹಿಂದೆ ಯಾವುದೋ ಎಲೆಯ ಪರಿಮಳವಿತ್ತು. ಅವರ ಮನೆಯಲ್ಲಿ ಕುಡಿಯುವುದು ಮಾತ್ರ ಚಹಾ. ಆ ಹಳ್ಳಿಯ ಕಾಫಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ.

ಕೆಲಸದ ವಿಷಯಕ್ಕೆ ಬಂದರೆ, ನಿಮಗೆ ತಿಳಿದದ್ದನ್ನು ಮೊದಲ ವಾರವೇ ಬೋಧಿಸಲು ಹೊರಡಬೇಡಿ. ಬರಿ ನೆಲದ ಮೇಲೆ ಹಣ್ಣು ಹರವುತ್ತಾರೆ, ಆಡು, ಕೋಳಿ ಅದರ ಮೇಲೆ ಓಡಾಡುತ್ತವೆ, ಹಸಿರು ಕಾಯಿಯನ್ನೂ ಸೇರಿಸಿ ಉದುರಿಸುತ್ತಾರೆ ಎಂದು ನಮ್ಮ ಕಣ್ಣಿಗೆ ಕಾಣುತ್ತದೆ. ನೆಲಕ್ಕೆ ತಾಗಿ ಒಣಗಿದ ಕಾಫಿಗೆ ಬೂಷ್ಟು ಹಿಡಿಯುತ್ತದೆಂಬುದು ಅವರಿಗೂ ಗೊತ್ತು. ಆದರೆ ಹಣ್ಣಾಗುವವರೆಗೆ ಬಿಟ್ಟರೆ ಕಳ್ಳರು ಕೊಯ್ಯುತ್ತಾರೆ, ಟಾರ್ಪಾಲಿಗೆ ದುಡ್ಡಿಲ್ಲ, ಚೆನ್ನಾಗಿ ಒಣಗಿಸಿದವರಿಗೂ ಒಣಗಿಸದವರಿಗೂ ಮನೆ ಬಾಗಿಲಿಗೆ ಬರುವ ವ್ಯಾಪಾರಿ ಒಂದೇ ದರ ಕೊಡುತ್ತಾನೆ. ಆದ್ದರಿಂದ ನಾವು ಮಾಡಿದ ಕೆಲಸಗಳಲ್ಲಿ ಫಲ ಕೊಟ್ಟದ್ದು, ಹತ್ತಾರು ಮನೆಗಳು ಸೇರಿ ಟಾರ್ಪಾಲು ಕೊಂಡು, ಒಟ್ಟಿಗೆ ಒಣಗಿಸಿ, ಒಟ್ಟು ತೂಕವನ್ನು ನೇರವಾಗಿ ಪಟ್ಟಣದ ಕಾಫಿ ಮಿಲ್ಲಿಗೆ ಸಾಗಿಸಿದ್ದು. ಕೈಲಾದರೆ ತೇವಾಂಶ ಅಳೆಯುವ ಯಂತ್ರವೊಂದನ್ನು ಊರಿನಿಂದಲೇ ಒಯ್ಯಿರಿ. ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ ಒಣಗಿದ್ದನ್ನು ಹೇಳಬಲ್ಲ ಹಿರಿಯರು ಅಲ್ಲಿಯೂ ಇದ್ದಾರೆ, ಆದರೆ ತೂಕದ ಕಟ್ಟೆಯಲ್ಲಿ ವ್ಯಾಪಾರಿಯ ಎದುರು ನಿಲ್ಲುವುದು ಯಂತ್ರ ತೋರಿಸುವ ಅಂಕಿ.

ಸೊಳ್ಳೆಪರದೆ ಮತ್ತು ಮಲೇರಿಯಾ ತಡೆಯ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ದಿನವೂ ಬಿಡಬೇಡಿ, ಮರಳಿದ ಮೇಲೂ ಕೆಲವು ಮಾತ್ರೆಗಳನ್ನು ಮುಂದುವರಿಸಬೇಕಾಗುತ್ತದೆ. ಊರಿಗೆ ಬಂದ ಮೇಲೆ ಜ್ವರ ಬಂದರೆ ಆಫ್ರಿಕಾದಲ್ಲಿ ಇದ್ದು ಬಂದದ್ದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ನಮ್ಮ ಕಡೆ ಜ್ವರವೆಂದರೆ ಡೆಂಗಿ, ಇಲಿಜ್ವರ, ಮಂಗನಕಾಯಿಲೆಗಳ ಕಡೆಗೆ ಯೋಚನೆ ಹೋಗುವುದು ಸಹಜ. ಅಲ್ಲಿನ ಫಾಲ್ಸಿಪಾರಂ ಎಂಬ ತೀವ್ರ ಬಗೆಯ ಮಲೇರಿಯಾಕ್ಕೆ ಚಿಕಿತ್ಸೆ ಒಂದೆರಡು ದಿನ ತಡವಾದರೂ ಪ್ರಾಣಕ್ಕೆ ಅಪಾಯ.

ತೋಟ ಇರುವವರು ಇದನ್ನು ಕಡ್ಡಾಯವಾಗಿ ಪಾಲಿಸಬೇಕು. ಉಗಾಂಡಾದಲ್ಲಿ 1993ರಲ್ಲಿ ಕಾಣಿಸಿಕೊಂಡ ಕಾಫಿ ಸೊರಗು ರೋಗ ಅಲ್ಲಿನ ರೊಬಸ್ಟಾ ಗಿಡಗಳ ದೊಡ್ಡ ಪಾಲನ್ನು ಒಣಗಿಸಿಹಾಕಿತು. ಮಣ್ಣಿನಲ್ಲಿ, ಸತ್ತ ಕಾಂಡದಲ್ಲಿ ಉಳಿಯುವ ಶಿಲೀಂಧ್ರದಿಂದ ಬರುವ ಈ ರೋಗ ಆಫ್ರಿಕಾ ಬಿಟ್ಟು ಆಚೆ ಬಂದಿಲ್ಲ. ನೆನಪಿಗೆಂದು ಒಂದು ಹಿಡಿ ಬೀಜ, ಒಂದು ಗಿಡ, ಒಂದು ಕೋಲನ್ನೂ ತರಬೇಡಿ. ತೋಟದಲ್ಲಿ ಮೆಟ್ಟಿದ ಬೂಟು, ಬಳಸಿದ ಕತ್ತಿಯನ್ನು ಅಲ್ಲಿಯೇ ಯಾರಿಗಾದರೂ ಕೊಟ್ಟು, ಪೇಟೆಯಲ್ಲಿ ಕೊಂಡ ಚಪ್ಪಲಿಯಲ್ಲಿ ವಿಮಾನ ಹತ್ತಿ. ನಾನು ಹಾಗೆಯೇ ಬಂದೆ.